ಮೊದಲು ಬಟ್ಟೆ ತಿರುಗಿಸಿ ಒಳಗೆ ನೋಡು

ಪುಟ್ಟಿ, ನಿನ್ನೆ ರಾತ್ರಿ ನೀನು ಗ್ರೂಪಿನಲ್ಲಿ ಹಾಕಿದ್ದನ್ನು ಈಗ ಓದಿದೆ. ನಿನ್ನ ಮಗಳು ಮರಿಗೆ ಶಾಲೆಯಲ್ಲಿ ಕೃಷ್ಣ ಜನ್ಮಾಷ್ಟಮಿಗೆ ವೇಷ ಹಾಕಿಸಬೇಕು. ಹೋದ ವರ್ಷ ಬಾಡಿಗೆಗೆ ತಂದ ಡ್ರೆಸ್ಸಿನಲ್ಲಿ ಕುತ್ತಿಗೆಯೆಲ್ಲ ಕೆಂಪಾಗಿತ್ತು. ಈ ಸಲ ಮನೆಯಲ್ಲೇ ಹೊಲಿಯಲಾ, ಅಜ್ಜಿಯ ಮೆಷಿನ್ ಇದೆ, ಆದರೆ ಗುಂಡಿ ಹಾಕುವುದು ಬಿಟ್ಟರೆ ನನಗೆ ಏನೂ ಬರಲ್ಲ ಅಂತ ಕೇಳಿದ್ದೀಯ. ಮುಂದಿನ ತಿಂಗಳು ಅವಳ ಹುಟ್ಟುಹಬ್ಬಕ್ಕೆ ಅಜ್ಜಿಯ ಹಳೇ ರೇಷ್ಮೆ ಸೀರೆಯಲ್ಲಿ ಉದ್ದ ಲಂಗ ಆಗುತ್ತಾ ಅಂತಲೂ ಕೇಳಿದ್ದೀಯ. ಅದರ ಕೆಳಗೆ ನಿನ್ನ ಮಾವ, "ಸುಮ್ನೆ ಆನ್‌ಲೈನ್‌ನಲ್ಲಿ ತರಿಸಿಬಿಡು" ಅಂತ ಹಾಕಿದ್ದಾನೆ. ಅವನ ಮಾತು ಬಿಡು. ಪ್ಯಾಂಟಿನ ಗುಂಡಿ ಕಿತ್ತರೆ ಹೊಸ ಪ್ಯಾಂಟು ತರುವವನು ಅವನು.

ಟೈಪ್ ಮಾಡಿದರೆ ನಿನ್ನ ಈ ದೊಡ್ಡಮ್ಮನಿಗೆ ಬೆರಳು ನೋಯುತ್ತದೆ, ಅದಕ್ಕೆ ಬಾಯಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ತರಕಾರಿ ಹೆಚ್ಚುತ್ತಾ ಕೇಳಿಸಿಕೋ.

ನಿನ್ನ ಅಣ್ಣ ಎಲ್‌ಕೆಜಿಯಲ್ಲಿದ್ದಾಗ ನಾನೂ ಕೃಷ್ಣನ ವೇಷ ಹೊಲಿದಿದ್ದೆ. ಮಿಂಚುವ ಹಳದಿ ಸ್ಯಾಟಿನ್, ಅಂಚಿಗೆಲ್ಲ ಬಂಗಾರದ ಬಣ್ಣದ ಲೇಸು, ಸೊಂಟಕ್ಕೆ ಲಾಡಿ. ರಾತ್ರಿ ಎರಡು ಗಂಟೆವರೆಗೆ ಕೂತಿದ್ದೆ. ಪಂಚೆ ಜಾರಬಾರದು ಅಂತ ಲಾಡಿಗೆ ಗಂಟಿನ ಮೇಲೆ ಗಂಟು ಹಾಕಿ ಕಳಿಸಿದೆ. ಸ್ಟೇಜಿನ ಮೇಲೆ ನಿಂತವನು ಕೊಳಲು ಕೆಳಗಿಟ್ಟು ಎರಡೂ ಕೈಯಲ್ಲಿ ಹೊಟ್ಟೆ ಕೆರೆಯೋಕೆ ಶುರು ಮಾಡಿದ. ಆಮೇಲೆ ಒಂದಕ್ಕೆ ಬಂತು. ಆಯಮ್ಮ ಓಡಿ ಬಂದು ಗಂಟು ಬಿಚ್ಚಲು ನೋಡಿದರು, ಬಿಚ್ಚಲಿಲ್ಲ. ಮುಂದೆ ಏನಾಯಿತು ಅಂತ ಹೇಳಬೇಕಾಗಿಲ್ಲ. ಅದಕ್ಕೂ ಐದು ನಿಮಿಷ ಮೊದಲು ತೆಗೆದ ಫೋಟೋ ಇನ್ನೂ ನಮ್ಮ ಹಾಲ್‌ನಲ್ಲಿದೆ, ಎಷ್ಟು ಮುದ್ದಾಗಿ ಬಂದಿದ್ದಾನೆ ಅಂದರೆ ಎಲ್ಲರೂ ಹೊಗಳುತ್ತಾರೆ. ಆ ರಾತ್ರಿ ಪಂಚೆ ಒಗೆಯುವಾಗ ತಿರುಗಿಸಿ ನೋಡಿದೆ. ಲೇಸಿನ ತುದಿಗಳು ಒಳಗಡೆ ತಂತಿ ಹಾಗೆ ಎದ್ದು ನಿಂತಿದ್ದವು. ಮಗುವಿಗೆ ತಾಗುವುದು ಆ ಕಡೆ. ನಾನು ಇಡೀ ರಾತ್ರಿ ಹೊಲಿದದ್ದು ಜನ ನೋಡುವ ಕಡೆ. ಅವತ್ತಿನಿಂದ ಯಾರು ಮಕ್ಕಳ ಬಟ್ಟೆ ತೋರಿಸಿದರೂ ಮೊದಲು ತಿರುಗಿಸಿ ಒಳಗೆ ನೋಡುತ್ತೇನೆ. ಅಂಗಡಿಯವರಿಗೆ ಸಿಟ್ಟು ಬರುತ್ತದೆ, ಬರಲಿ.

ನಿಮ್ಮ ಮನೆಯಲ್ಲೇ ಒಂದು ಇದೆ ನೋಡು. ನಿನ್ನ ಅತ್ತೆ ಬಾಗಲಕೋಟೆ ಕಡೆಯವರಲ್ವಾ, ಮರಿಯನ್ನು ತೊಟ್ಟಿಲಿಗೆ ಹಾಕಿದಾಗ ಕುಂಚಿಗೆ, ಅದೇ ತಲೆಯಿಂದ ಬೆನ್ನಿಗೆ ಇಳಿಯುವ ಮಗುವಿನ ಟೋಪಿ, ಹೊಲಿದು ತಂದಿದ್ದರು. ಮೇಲೆ ಗುಳೇದಗುಡ್ಡದ ಖಣ ಅನ್ನೋ ರವಿಕೆ ಬಟ್ಟೆ, ಬೆನ್ನಿನ ಮೇಲೆ ಇಳಿಬಿದ್ದ ಸೆರಗು. ಎಲ್ಲರೂ ಖಣ ನೋಡಿ ಹೊಗಳಿದರು. ನಾನು ಒಳಗೆ ಕೈ ಹಾಕಿ ನೋಡಿದೆ. ಒಗೆದು ಒಗೆದು ಬೆಣ್ಣೆ ಹಾಗಾದ ಹಳೇ ಹತ್ತಿ ಸೀರೆಯ ಅಸ್ತರು, ಒಂದು ಹೊಲಿಗೆಯೂ ಬೆರಳಿಗೆ ಸಿಗಲಿಲ್ಲ. ಪೆಟ್ಟಿಗೆಯಿಂದ ತೆಗೆದು ನೋಡು. ನಿನಗೆ ಅದೇ ಪಾಠ, ನಾನು ಬೇರೆ ಹೇಳುವುದು ಬೇಡ. ಆದರೂ ಹೇಳುತ್ತೇನೆ.

ಮೆಷಿನ್ ಮೊದಲು. ಎಷ್ಟು ವರ್ಷದಿಂದ ಮುಚ್ಚಿಟ್ಟಿದ್ದೀರೋ. ಮೇಲಿನ ತೂತುಗಳಿಗೆಲ್ಲ ಒಂದೊಂದು ಹನಿ ಮೆಷಿನ್ ಎಣ್ಣೆ ಬಿಡು. ಅಡುಗೆ ಎಣ್ಣೆ ಬಿಟ್ಟೀಯ, ಅಂಟಾಗಿ ಹಿಡಿದುಕೊಳ್ಳುತ್ತದೆ. ದಾರ ಹಾಕದೆ ಹತ್ತು ನಿಮಿಷ ತುಳಿ. ಕೆಳಗೆ ಚಿಂದಿ ಬಟ್ಟೆ ಇಡು, ಕಪ್ಪು ಎಣ್ಣೆಯೆಲ್ಲ ಅದಕ್ಕೆ ಇಳಿಯಲಿ. ಚಕ್ರ ಯಾವಾಗಲೂ ನಿನ್ನ ಕಡೆಗೇ ತಿರುಗಬೇಕು. ಹಿಂದಕ್ಕೆ ತಿರುಗಿದರೆ ದಾರ ಗೋಜಲಾಗುತ್ತದೆ. ಹೊಸಬರಿಗೆ ಕಾಲು ತಪ್ಪುವುದು ಇಲ್ಲೇ. ಅದಕ್ಕೆ ಗೆರೆ ಎಳೆದ ನ್ಯೂಸ್‌ಪೇಪರ್ ಮೇಲೆ ದಾರ ಇಲ್ಲದೆ ಹೊಲಿ, ತೂತುಗಳು ಗೆರೆ ಮೇಲೆ ಬರುವವರೆಗೆ. ಟೈಲರಿಂಗ್ ಕ್ಲಾಸಿನಲ್ಲಿ ನಮಗೂ ಮೊದಲು ಕೊಟ್ಟಿದ್ದು ಪೇಪರೇ. ಪೇಪರಿಗೆ ಬಳಸಿದ ಸೂಜಿ ಮೊಂಡಾಗುತ್ತದೆ, ಅದನ್ನು ಬಿಸಾಡಿ ಹೊಸದು ಹಾಕು. ಹತ್ತಿಗೆ 14ನೇ ನಂಬರು, ರೇಷ್ಮೆಗೆ 11. ರೇಷ್ಮೆಗೆ ದಪ್ಪ ಸೂಜಿ ಹಾಕಿದರೆ ತೂತು ಹಾಗೇ ಉಳಿಯುತ್ತದೆ.

ಬಟ್ಟೆಗೆ ಚಿಕ್ಕಪೇಟೆಗೇ ಹೋಗು, ಮೆಟ್ರೋ ಇಳಿದರೆ ಅಲ್ಲೇ. ಲೇಸು, ಮಣಿ ಬೇಕಾದರೆ ಮಾಮೂಲ್‌ಪೇಟೆ, ರಾಜಾ ಮಾರ್ಕೆಟ್. ಅಂಗಡಿಯಲ್ಲಿ "ಪ್ಯೂರ್ ಕಾಟನ್" ಅಂತ ಎಲ್ಲದಕ್ಕೂ ಹೇಳುತ್ತಾರೆ. ಮನೆಗೆ ಬಂದು ಒಂದೆರಡು ಎಳೆ ಕಿತ್ತು, ಸಿಂಕಿನ ಮೇಲೆ ಹಿಡಿದು ಬೆಂಕಿಕಡ್ಡಿ ಗೀರು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಸ್ಟರ್ ಆದರೆ ಕರಗಿ ಮುದುಡಿ ತುದಿಯಲ್ಲಿ ಗಟ್ಟಿ ಮಣಿ ಆಗುತ್ತದೆ. ಆ ಮಣಿ ಬಿಸಿ ಇರುವಾಗ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ. ಅದಕ್ಕೇ ಹುಟ್ಟುಹಬ್ಬಕ್ಕೆ ನೆಟ್ಟಿನ ಫ್ರಾಕ್ ಬೇಡ ಅಂತ ನಾನು ಜಗಳ ಆಡುವುದು. ಆರತಿ ತಟ್ಟೆ, ಕೇಕಿನ ಮೇಣದಬತ್ತಿ, ಪಕ್ಕದಲ್ಲಿ ಉಬ್ಬಿ ನಿಂತ ನೆಟ್ಟು, ಮಧ್ಯದಲ್ಲಿ ಓಡುವ ಮಗು. ಹತ್ತಿಗೂ ಬೆಂಕಿ ಹತ್ತುತ್ತದೆ, ಇಲ್ಲ ಅನ್ನಲ್ಲ. ಆದರೆ ಮೈಗಂಟಿದ ಹತ್ತಿ ಬಟ್ಟೆ ದೀಪದ ಮೇಲೆ ಹೋಗಿ ಬೀಳುವುದಿಲ್ಲ.

ತಂದ ಬಟ್ಟೆಯನ್ನು ಕತ್ತರಿಸುವ ಮೊದಲು ರಾತ್ರಿ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡು. ಹೊಸ ಹತ್ತಿ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ಪಂಚೆ ಚಡ್ಡಿ ಆಗುತ್ತದೆ.

ಪಂಚೆಗೆ 44 ಇಂಚು ಅಗಲದ ಬಟ್ಟೆ ಒಂದೂವರೆ ಮೀಟರ್ ಸಾಕು. ಅಳತೆಯ ತಲೆನೋವು ಬೇಡ. ಅವಳ ಒಂದು ಸಡಿಲ ಪೈಜಾಮ ತಗೊಂಡು ಉದ್ದಕ್ಕೆ ಮಡಚಿ ಬಟ್ಟೆಯ ಮೇಲಿಡು. ಸುತ್ತ ಎರಡು ಇಂಚು, ಮೇಲೆ ಮೂರು ಇಂಚು ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆ. ಕತ್ತರಿಸಿ ಪೈಜಾಮದ ಹಾಗೇ ಹೊಲಿ. ಮಿಕ್ಕಿದ ಬಟ್ಟೆಯಲ್ಲಿ ಹದಿನೆಂಟು ಇಂಚು ಅಗಲದ ತುಂಡು ತೆಗೆದು, ನಿರಿಗೆ ಹಿಡಿದು ಮೂರು ಇಂಚಿಗೆ ತಂದು, ಇಸ್ತ್ರಿ ಒತ್ತಿ, ಮುಂದೆ ಸೊಂಟಕ್ಕೆ ಸೇರಿಸಿಬಿಡು. ನೋಡುವವರಿಗೆ ಕಚ್ಚೆ ಪಂಚೆ, ಮರಿಗೆ ಪೈಜಾಮ. ಇನ್ನೂ ಉಳಿದದ್ದು ಶಲ್ಯಕ್ಕೆ. ಲಾಡಿ ಬೇಡವೇ ಬೇಡ, ನನ್ನ ಕಥೆ ಕೇಳಿದೆಯಲ್ಲ. ಎಲಾಸ್ಟಿಕ್ ಹಾಕು. ಹೊಟ್ಟೆಯ ಸುತ್ತಳತೆಗಿಂತ ಒಂದೇ ಇಂಚು ಕಡಿಮೆ. ಹಾಕಿದ ಮೇಲೆ ಎರಡು ಬೆರಳು ಸಲೀಸಾಗಿ ಒಳಗೆ ಹೋಗಬೇಕು. ಊಟ ಆದ ಮೇಲೂ ಒಂದು ಸಲ ನೋಡು.

ಈಗ ಮುಖ್ಯ ವಿಷಯ, ಒಳಗಿನ ಹೊಲಿಗೆ. ನಿಮ್ಮ ಮನೆಯಲ್ಲಿ ಅಂಚಿನ ಎಳೆ ಬಿಡದ ಹಾಗೆ ಸುತ್ತಿ ಹೊಲಿಯುವ ಓವರ್‌ಲಾಕ್ ಮೆಷಿನ್ ಇಲ್ಲ, ಬೇಕೂ ಇಲ್ಲ. ಬಟ್ಟೆಯ ಉಲ್ಟಾ ಕಡೆಗಳನ್ನು ಮುಖಾಮುಖಿ ಇಟ್ಟು ತುದಿಗೆ ಹತ್ತಿರ ಒಂದು ಹೊಲಿಗೆ ಹಾಕು. ಎಲ್ಲರಿಗೂ ಇದು ತಪ್ಪು ಅನಿಸುತ್ತದೆ, ಅನಿಸಲಿ. ಎಳೆ ಕತ್ತರಿಸಿ ಚೊಕ್ಕ ಮಾಡು. ಆಮೇಲೆ ತಿರುಗಿಸಿ, ಆ ತುದಿ ಒಳಗೆ ಮುಚ್ಚಿಹೋಗುವ ಹಾಗೆ ಇನ್ನೊಂದು ಹೊಲಿಗೆ. ಒಂದೂ ಎಳೆ ಹೊರಗೆ ಕಾಣಲ್ಲ, ಮೈಗೆ ಚುಚ್ಚಲ್ಲ. ಸಮಯ ಎರಡರಷ್ಟು ಹಿಡಿಯುತ್ತದೆ. ಲೇಸು ಹಾಕಲೇಬೇಕು ಅಂತಿದ್ದರೆ ಅಂಚು ಮಡಚುವ ಮೊದಲೇ ಹಾಕು, ತುದಿಗಳು ಮಡಿಕೆಯೊಳಗೆ ಸೇರಿಹೋಗುತ್ತವೆ.

ಕಿರೀಟಕ್ಕೆ ಸ್ವೀಟ್ ಬಾಕ್ಸಿನ ರಟ್ಟು, ಮೇಲೆ ಬಂಗಾರದ ಕಾಗದ, ಹಣೆಗೆ ತಾಗುವ ಕಡೆ ಹಳೇ ಬನಿಯನ್ ತುಂಡು ಅಂಟಿಸು. ಗದ್ದದ ಕೆಳಗೆ ಎಲಾಸ್ಟಿಕ್ ದಾರ ಕಟ್ಟಬೇಡ, ಹೇರ್‌ಬ್ಯಾಂಡಿಗೆ ಹೊಲಿದುಬಿಡು. ಕುತ್ತಿಗೆ ಸುತ್ತ ಕಟ್ಟುವ ಯಾವುದೂ ಆಡುವ ಮಗುವಿಗೆ ಒಳ್ಳೆಯದಲ್ಲ. ಜಾರುಬಂಡೆಗೋ ಬಾಗಿಲ ಚಿಲಕಕ್ಕೋ ಸಿಕ್ಕಿಕೊಂಡರೆ ಮುಗಿಯಿತು. ಅಮೆರಿಕದಲ್ಲಿ ಸಣ್ಣ ಮಕ್ಕಳ ಜಾಕೆಟ್ಟಿನ ಕುತ್ತಿಗೆಗೆ ಲಾಡಿ ಇದ್ದರೆ ಅಂಗಡಿಯಿಂದಲೇ ವಾಪಸ್ ತರಿಸಿಕೊಳ್ಳುತ್ತಾರೆ. ನಾವು ಮಾತ್ರ ಶಲ್ಯಕ್ಕೂ ಕುತ್ತಿಗೆಗೇ ಗಂಟು ಹಾಕುತ್ತೇವೆ. ಭುಜದ ಮೇಲೆ ಎರಡು ಹೊಲಿಗೆ ಹಾಕಿದರೆ ಸಾಕಲ್ವಾ? ಸಣ್ಣ ಮಣಿಯೂ ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾಳೆ, ಅವಳು ಈಗಲೂ ಹಾಗೇ ತಾನೇ?

ಇನ್ನು ಲಂಗ. ಇದು ನನಗೆ ಇಷ್ಟದ ವಿಷಯ. ನೀನು ಹೇಳುತ್ತಿರುವುದು ಅಮ್ಮನ ಹಸಿರು ಮೈಸೂರು ಸಿಲ್ಕ್ ಅಂತ ಅಂದುಕೊಂಡಿದ್ದೇನೆ. 1912ರಲ್ಲಿ ಶುರುವಾದ ಮೈಸೂರಿನ ಆ ಕಾರ್ಖಾನೆಯ ಸೀರೆ. ಕತ್ತರಿ ಹಾಕುವ ಮೊದಲು ಕಿಟಕಿಗೆ ಅಡ್ಡ ಹಿಡಿದು ನೋಡು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ರೇಷ್ಮೆ ಆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ನಾನು ನೋಡದೆ ಹೊಲಿದು ನಿನ್ನ ಅಕ್ಕನಿಗೆ ತೊಡಿಸಿದ್ದೆ, ಆರತಿಗೆ ಮಣೆ ಮೇಲೆ ಕೂತ ಕೂಡಲೇ ಪರ್ರ್ ಅಂತು. ಗೆರೆ ಬಿಟ್ಟು ಕತ್ತರಿಸು. ಸೆರಗಿನ ಕಡೆ, ಅಂಚಿನ ಹತ್ತಿರ ಗಟ್ಟಿ ಇರುತ್ತದೆ. ಈ ರೇಷ್ಮೆ ಕೈಯಲ್ಲಿ ನಿಲ್ಲುವುದಿಲ್ಲ, ಜಾರುತ್ತದೆ. ಕೆಳಗೆ ನ್ಯೂಸ್‌ಪೇಪರ್ ಇಟ್ಟು ಪೇಪರ್ ಸಮೇತ ಕತ್ತರಿಸು.

ಸೊಂಟದಿಂದ ಕಾಲಿನ ಹರಡಿನವರೆಗೆ ಅಳತೆ ತಗೋ. ಅವಳಿಗೆ ಹೆಚ್ಚು ಕಡಿಮೆ 22 ಇಂಚು ಬರಬಹುದು. ಅದಕ್ಕೆ ನಾಲ್ಕು ಇಂಚು ಸೇರಿಸಿ, ಅಂಚು ಕೆಳಗೆ ಬರುವ ಹಾಗೆ ಒಂದೂವರೆ ಮೀಟರ್ ಉದ್ದ ಕತ್ತರಿಸು. ಸೀರೆಯ ಅಂಚೇ ಕೆಳಗೆ ಇರುವುದರಿಂದ ಹೆಮ್ಮಿಂಗ್ ಕೆಲಸವೇ ಇಲ್ಲ. ಆ ನಾಲ್ಕರಲ್ಲಿ ಒಂದು ಇಂಚು ಸೊಂಟಕ್ಕೆ ಹೋಗುತ್ತದೆ. ಮೂರು ಇಂಚಿಗೆ ಅರ್ಧರ್ಧ ಇಂಚಿನ ಮೂರು ಮಡಿಕೆ ಹಾಕು, ಒಂದೊಂದು ಮಡಿಕೆ ಒಂದೊಂದು ಇಂಚು ನುಂಗುತ್ತದೆ. ಕೈಯಲ್ಲೇ ದೊಡ್ಡ ಹೊಲಿಗೆ ಹಾಕು, ಮೆಷಿನ್ ಬೇಡ. ಈ ವಯಸ್ಸಿನಲ್ಲಿ ವರ್ಷಕ್ಕೆ ಎರಡೂವರೆ ಇಂಚು ಬೆಳೆಯುತ್ತಾರೆ, ಅದರಲ್ಲಿ ಕಾಲಿನ ಪಾಲು ಅರ್ಧದ ಮೇಲೆ. ಒಂದೊಂದೇ ಮಡಿಕೆ ಬಿಚ್ಚುತ್ತಾ ಬಂದರೆ ಎರಡು ವರ್ಷ ನಡೆಯುತ್ತದೆ. ನಮ್ಮಮ್ಮ ನನಗೆ ಹೊಲಿದ ಲಂಗದ ಮಡಿಕೆ ಬಿಚ್ಚಿದಾಗ ಒಳಗಿದ್ದ ಬಟ್ಟೆ ಹೊಸದರ ಹಾಗೇ ಇರುತ್ತಿತ್ತು, ಉಳಿದದ್ದು ಮಾಸಿರುತ್ತಿತ್ತು. ಆ ಪಟ್ಟೆ ನೋಡಿ ಅತ್ತಿದ್ದೆ. ಆಮೇಲೆ ನಿಮ್ಮಮ್ಮನಿಗೂ ಅದೇ ಲಂಗ, ಅವಳೂ ಅತ್ತಳು.

ಮೂರು ವರ್ಷದ ಮಗುವಿಗೆ ಸೊಂಟ ಅಂತ ಇರುವುದಿಲ್ಲ. ಟೇಪ್ ಹಿಡಿದು ನೋಡು, ತಲೆಯ ಸುತ್ತಳತೆ, ಸೊಂಟದ ಸುತ್ತಳತೆ ಎರಡೂ ಹತ್ತಿರ ಹತ್ತಿರ ಒಂದೇ ಬರುತ್ತದೆ, 20 ಇಂಚು ಅಂದಾಜು. ಅದಕ್ಕೆ ಲಂಗ ನಿಲ್ಲುವುದಿಲ್ಲ, ಅದಕ್ಕೇ ರವಿಕೆ ತಲೆಯಲ್ಲಿ ಇಳಿಯುವುದಿಲ್ಲ. ಲಂಗವನ್ನು ತೋಳಿಲ್ಲದ ಒಂದು ಹತ್ತಿ ಒಳಂಗಿಗೆ ಸೇರಿಸಿ ಹೊಲಿ, ಭುಜದಿಂದ ನೇತಾಡುತ್ತದೆ, ಹೊಟ್ಟೆಗೆ ಬಿಗಿಯೇ ಇಲ್ಲ. ರವಿಕೆಗೆ ಹಿಂದೆ ಪೂರ್ತಿ ತೆರೆದು ಪ್ರೆಸ್ ಬಟನ್ ಇಡು. ಬುಗ್ಗೆ ತೋಳು ಇಡು, ಚೆನ್ನಾಗಿರುತ್ತದೆ, ಆದರೆ ತೋಳಿನ ಬಾಯಿಗೆ ಎಲಾಸ್ಟಿಕ್ ಬೇಡ, ಹತ್ತಿ ಪಟ್ಟಿ ಸಾಕು. ಪೂರ್ತಿ ಮೆತ್ತನೆ ಹತ್ತಿ ಅಸ್ತರು ಕೊಡು, ಜರಿ ಎಲ್ಲೂ ಮೈಗೆ ತಾಗಬಾರದು. ಅಸ್ತರಿಗೆ ಹೊಸದು ತರಬೇಡ, ನಿಮ್ಮಮ್ಮನ ಹಳೇ ಕಾಟನ್ ಸೀರೆ ಕೇಳು.

ಮಿಕ್ಕ ಚೂರುಗಳನ್ನು ಎಸೆಯಬೇಡ. ಮಾವಿನೆಲೆ ಆಕಾರಕ್ಕೆ ಕತ್ತರಿಸಿ ದಾರಕ್ಕೆ ಹೊಲಿದರೆ ಬಟ್ಟೆಯ ತೋರಣ, ಪ್ರತಿ ವರ್ಷ ಅದೇ ಕಟ್ಟಬಹುದು. ಬಂದ ಮಕ್ಕಳಿಗೆ ಕೊಡೋಕೆ ಅಂಗೈಯಗಲದ ಸಂಚಿ, ಒಳಗೆ ಕಲ್ಲುಸಕ್ಕರೆಯೋ ಚಿಕ್ಕಿಯೋ. ಜರಿ ಚೂರು ಮಾತ್ರ ಬೇರೆ ಕಟ್ಟಿಡು. ನಿಜವಾದ ಜರಿಯಲ್ಲಿ ಬೆಳ್ಳಿ ಇರುತ್ತದೆ, ಹಳೇ ಜರಿ ಕೊಳ್ಳುವವರು ಬೀದಿಗೆ ಬಂದರೆ ನಿನ್ನ ಮಾವನನ್ನು ಚೌಕಾಸಿಗೆ ಕಳಿಸೋಣ.

ಮೊದಲು ಪಂಚೆ ಮುಗಿಸು, ಸೀರೆ ಮುಟ್ಟಬೇಡ. ಪಂಚೆ ಆದ ಮೇಲೆ ಫೋಟೋ ಹಾಕು, ತಿರುಗಿಸಿ ಒಳಗಡೆಯದ್ದು, ಮೇಲಿನದ್ದು ನನಗೆ ಬೇಡ. ಒಂದು ಗಂಟೆ ಮನೆಯಲ್ಲೇ ತೊಡಿಸಿ ಆಡೋಕೆ ಬಿಡು, ಎಲ್ಲಿ ಕೆರೆದುಕೊಳ್ಳುತ್ತಾಳೆ ನೋಡಿಕೋ. ಮತ್ತೆ ಮೆಷಿನ್ ಡ್ರಾಯರಿನಲ್ಲಿ ಬಾಬಿನ್ ಕೇಸ್, ಅದೇ ಕೆಳಗಿನ ದಾರದ ಉರುಳೆ ಕೂರುವ ಡಬ್ಬಿ, ಇದೆಯಾ ನೋಡು, ಅಮ್ಮ ಅದನ್ನು ಯಾವಾಗಲೂ ಅರಿಶಿನದ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದಳು, ನಾವು ಆಟಕ್ಕೆ ತಗೊಳ್ಳುತ್ತೇವೆ ಅಂತ. ಇಲ್ಲದಿದ್ದರೆ ನನ್ನ ಹತ್ತಿರ ಎರಡಿವೆ, ಭಾನುವಾರ ನಿಮ್ಮಮ್ಮ ಬರುತ್ತಾಳಲ್ಲ, ಅವಳ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.