ಮಾರ್ಟ್‌ಗೇಜ್ ರೀಟ್‌ನ 10-ಕ್ಯೂ: ನಷ್ಟ ಅಂತಾರೆ, ಡಿವಿಡೆಂಡೂ ಕೊಡ್ತಾರೆ, ಹೇಗೆ?

ಎಡಿಸನ್ ಹುಡುಗ:
ನಮಸ್ಕಾರ. ನ್ಯೂಜೆರ್ಸಿಯಲ್ಲಿದ್ದೀನಿ. ಡಿವಿಡೆಂಡ್ ಆಸೆಗೆ ಒಂದು ಕಮರ್ಷಿಯಲ್ ಮಾರ್ಟ್‌ಗೇಜ್ ರೀಟ್ (ಆಫೀಸ್‌ನಂಥ ಕಟ್ಟಡಗಳ ಮೇಲೆ ಸಾಲ ಕೊಟ್ಟು ಬಡ್ಡಿ ದುಡಿಯೋ ಕಂಪನಿ) ಷೇರು ತಗೊಂಡೆ. ಈ ಕ್ವಾರ್ಟರ್ ನಷ್ಟ ತೋರಿಸಿದ್ದಾರೆ, ಆದರೆ 'ಡಿಸ್ಟ್ರಿಬ್ಯೂಟಬಲ್ ಅರ್ನಿಂಗ್ಸ್' (ಹಂಚೋಕೆ ಎಷ್ಟಿದೆ ಅಂತ ಕಂಪನಿಯೇ ಬೇರೆಯಾಗಿ ಹಾಕೋ ಲೆಕ್ಕ) ಲಾಭದಲ್ಲಿದೆ, ಡಿವಿಡೆಂಡೂ ಬಂತು. ಎಡ್ಗರ್‌ನಲ್ಲಿ (ಅಮೆರಿಕದ ಷೇರು ನಿಯಂತ್ರಕರ ವೆಬ್‌ತಾಣ) 10-ಕ್ಯೂ, ಅಂದರೆ ಕ್ವಾರ್ಟರ್ ವರದಿ, ತೆಗೆದು ನೋಡಿದರೆ ತಲೆಬುಡ ತಿಳೀತಿಲ್ಲ. ಸರಾಸರಿ ಎಲ್‌ಟಿವಿ (ಕಟ್ಟಡದ ಬೆಲೆಯಲ್ಲಿ ಸಾಲ ಎಷ್ಟು ಪಾಲು) 64% ಅಂತಿದೆ. ಕಟ್ಟಡದ ಬೆಲೆ ಮೂರನೇ ಒಂದು ಭಾಗ ಬಿದ್ದರೂ ನಮ್ಮ ದುಡ್ಡಿಗೆ ಮೋಸ ಇಲ್ಲ ಅಲ್ವಾ?

ಸಾಲದ ಫೈಲು:
ನಾನು ಡಲ್ಲಾಸ್‌ನಲ್ಲಿ ಆಫೀಸ್ ಕಟ್ಟಡಗಳ ಸಾಲದ ಕಾಗದಪತ್ರ ನೋಡೋ ಕೆಲಸದವನು. ಮೊದಲು ಆ 64ರ ಪಕ್ಕದ ಪುಟ್ಟ ಅಂಕಿ ಹಿಡಿದು ಅಡಿಟಿಪ್ಪಣಿಗೆ ಇಳೀರಿ. ಸಾಮಾನ್ಯವಾಗಿ 'ಸಾಲ ಕೊಟ್ಟ ದಿನಕ್ಕೆ' ಅಂತಿರುತ್ತೆ. 2021ರ ಸಾಲಕ್ಕೆ 2021ರ ಬೆಲೆ. ಆಮೇಲೆ ಬಾಡಿಗೆದಾರರು ಅರ್ಧ ಕಟ್ಟಡ ಖಾಲಿ ಮಾಡಿದ್ದರೂ ಅದು ಅಲ್ಲಾಡಲ್ಲ. ಕೆಲವರಂತೂ ಕೆಟ್ಟ ಸಾಲಗಳನ್ನ ಬಿಟ್ಟೇ ಸರಾಸರಿ ತೆಗೀತಾರೆ. ಫೇಲಾದವರನ್ನ ಹೊರಗೆ ಕೂರಿಸಿ ಕ್ಲಾಸಿನ ಸರಾಸರಿ ಹೇಳಿದ ಹಾಗೆ.

ಆಮೇಲೆ 'ಲೋನ್ಸ್ ರಿಸೀವಬಲ್' ನೋಟ್‌ಗೆ ಹೋಗಿ. ಅಲ್ಲಿ 1ರಿಂದ 5ರವರೆಗೆ ರಿಸ್ಕ್ ರೇಟಿಂಗ್ ಟೇಬಲ್ ಇರುತ್ತೆ; 5 ಅಂದರೆ ಬಹುತೇಕ ಮುಳುಗಿದ ಸಾಲ. ಹಿಂದಿನ ಕ್ವಾರ್ಟರ್‌ನದ್ದನ್ನೂ ಪಕ್ಕಕ್ಕಿಟ್ಟುಕೊಂಡು, 3ರಿಂದ 4ಕ್ಕೆ ಎಷ್ಟು ಡಾಲರ್ ಜಾರಿದೆ ನೋಡಿ. ನನಗೆ ಇಡೀ ಫೈಲಿಂಗ್‌ನಲ್ಲಿ ಇದೊಂದು ಟೇಬಲ್ ಸಾಕು.

ನಿಮ್ಮ ನಷ್ಟದ ಪ್ರಶ್ನೆ: ಸೀಸಲ್ ಮೀಸಲು (ಮುಂದೆ ಮುಳುಗಬಹುದಾದ ಸಾಲಕ್ಕೆ ಅಂತ ಈಗಲೇ ತೆಗೆದಿಡೋ ಮೊತ್ತ) ಹೆಚ್ಚಿಸಿದ ಕೂಡಲೇ ಲೆಕ್ಕಪತ್ರದ ಲಾಭ ಇಳಿಯುತ್ತೆ. ಡಿಸ್ಟ್ರಿಬ್ಯೂಟಬಲ್ ಅರ್ನಿಂಗ್ಸ್‌ನಲ್ಲಿ ಅದು ಕಾಣೋದು ನಷ್ಟ ಖಾಯಂ ಆದ ಮೇಲೆ, ಅಂದರೆ ಸಾಲ ಕಮ್ಮಿಗೆ ಇತ್ಯರ್ಥ ಆದಾಗ, ಮಾರಿದಾಗ, ಕಟ್ಟಡ ಜಪ್ತಿ ಆದಾಗ. ಈ ನಡುವಿನ ಕಾಲದಲ್ಲಿ ಡಿವಿಡೆಂಡ್ ನಿರಾಳವಾಗಿ ಕಾಣುತ್ತೆ. ಬ್ಲ್ಯಾಕ್‌ಸ್ಟೋನ್ ಮಾರ್ಟ್‌ಗೇಜ್ ಟ್ರಸ್ಟ್ ಅನ್ನೋ ರೀಟ್ ಎಷ್ಟೋ ವರ್ಷ ಕ್ವಾರ್ಟರ್‌ಗೆ ಷೇರಿಗೆ 62 ಸೆಂಟ್ ಕೊಟ್ಟು, 2024ರ ಜುಲೈನಲ್ಲಿ 47ಕ್ಕೆ ಇಳಿಸಿತು.

ಮಲ್ನಾಡ್ ಅಕೌಂಟೆಂಟ್:
ಸಾಲ ಕೊಟ್ಟ ಕಡೆ ಮಾತ್ರ ನೋಡ್ಬೇಡಿ, ತಂದ ಕಡೆಯೂ ನೋಡಿ. ಬ್ಯಾಂಕಿನ ರೆಪೋ ಸಾಲಕ್ಕೆ (ತಾವು ಕೊಟ್ಟ ಸಾಲಗಳನ್ನೇ ಅಡವಿಟ್ಟು ತಂದದ್ದು) ಮಾರ್ಜಿನ್ ಕಾಲ್ (ಅಡವಿನ ಬೆಲೆ ಇಳೀತು, ಇನ್ನಷ್ಟು ದುಡ್ಡು ತುಂಬಿ ಅನ್ನೋ ಕರೆ) ಬರೋದು ಅಡವಿಟ್ಟ ಸಾಲವೇ ಕೆಟ್ಟಾಗಲೋ, ಅಥವಾ ಮಾರ್ಕೆಟ್ ಬಿದ್ದರೂ ಸಾಕೋ, ಇದು 'ಸೆಕ್ಯೂರ್ಡ್ ಡೆಟ್' ನೋಟ್‌ನಲ್ಲಿದೆ. 2020ರ ಕೋವಿಡ್ ಹೊಡೆತಕ್ಕೆ ಹೀಗೇ ಮಾರ್ಜಿನ್ ಕಾಲ್ ಬಂದು, ಟಿಪಿಜಿ ಆರ್‌ಇ ಫೈನಾನ್ಸ್ ಟ್ರಸ್ಟ್ ಅನ್ನೋ ರೀಟ್ ತನ್ನ ಬಾಂಡುಗಳನ್ನ ನಷ್ಟಕ್ಕೆ ಮಾರಬೇಕಾಯ್ತು.

ಎಡಿಸನ್ ಹುಡುಗ:
ಇಬ್ಬರಿಗೂ ಥ್ಯಾಂಕ್ಸ್. ಟೇಬಲ್ ಸಿಕ್ತು. ಅಲ್ಲೇ ಒಂದು ಆಫೀಸ್ ಸಾಲಕ್ಕೆ ಗಡುವು ಮುಂದೂಡಿ, ಬಡ್ಡಿಯ ಒಂದು ಭಾಗ ಪಿಐಕೆ ಅಂತ ಹಾಕಿದ್ದಾರೆ. ಆದರೂ ರೇಟಿಂಗ್ 4, ನಾನ್-ಅಕ್ರೂಯಲ್ (ಬಡ್ಡಿಯನ್ನ ಆದಾಯ ಅಂತ ಬರ್ಕೊಳ್ಳೋದು ನಿಲ್ಲಿಸಿದ ಸಾಲಗಳ) ಪಟ್ಟಿಯಲ್ಲಿಲ್ಲ. ಇದೇನು ಸರ್?

ಸಾಲದ ಫೈಲು:
ಪಿಐಕೆ ಅಂದರೆ ಬಡ್ಡಿ ಕೈಗೆ ಬಂದಿಲ್ಲ, ಅಸಲಿಗೆ ಸೇರಿಸಿ ಬರ್ಕೊಂಡಿದ್ದಾರೆ. ನಾನ್-ಅಕ್ರೂಯಲ್‌ಗೆ ಹಾಕೋವರೆಗೂ ಅದನ್ನ ಆದಾಯ ಅಂತಲೇ ತೋರಿಸಬಹುದು. ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್‌ನಲ್ಲಿ ಆ ಮೊತ್ತ ಕಳೆದಿರುತ್ತಾರೆ, ಎಷ್ಟಿದೆ ನೋಡಿ. ಅದಕ್ಕಿಂತ ಮುಖ್ಯ, ಗಡುವು ಮುಂದೂಡಿದ್ದಕ್ಕೆ ಪ್ರತಿಯಾಗಿ ಕಟ್ಟಡದ ಮಾಲೀಕ ಹೊಸ ದುಡ್ಡು ಹಾಕಿದ್ದಾನಾ? ಹಾಕಿದ್ದರೆ ಅವನಿಗಿನ್ನೂ ಕಟ್ಟಡದ ಮೇಲೆ ಆಸೆ ಇದೆ ಅಂತರ್ಥ. ಬರೀ ಗಡುವು, ಪಿಐಕೆ ಅಷ್ಟೇ ಆಗಿದ್ದರೆ ನಾನಂತೂ ಅದನ್ನ 5 ಅಂತಲೇ ಓದ್ತೀನಿ. ಆ ಪ್ಯಾರಾ ಇಲ್ಲಿ ಹಾಕಿ, ನೋಡೋಣ.