ನೀಲಿ-ಹಸಿರು ಹರಳು ಡಬ್ಬಿಯೊಳಗೇ ಬಿಳಿ ಪುಡಿ ಆಗಿದೆ, ಎಕ್ಸ್‌ಆರ್‌ಡಿಯಲ್ಲಿ ಹೆಸರು ಸಿಗದ ಎರಡು ಗೆರೆ. ಹೊಸ ಖನಿಜವೋ?

ಬದಿಯಡ್ಕ_ಕಲ್ಲುಪೆಟ್ಟಿಗೆ:
ಚಿತ್ರದುರ್ಗ ಕಡೆಯ ಮುಚ್ಚಿದ ತಾಮ್ರದ ಗಣಿಯೊಂದರ ಹೊರಗಿನ ಕಲ್ಲುರಾಶಿಯಿಂದ ಭಾವ ಒಂದು ತುಂಡು ತಂದುಕೊಟ್ಟಿದ್ದರು. ಪೈರೈಟ್ ಮೇಲೆ ಗಾಜಿನಂಥ ನೀಲಿ-ಹಸಿರು ಹರಳು, ದೊಡ್ಡದೆಂದರೆ ಅಕ್ಕಿಕಾಳಿನಷ್ಟು. ಆಟಿಯ ಮಳೆಗೆ ಇಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ, ಹಾಗಾಗಿ ಗಾಳಿ ಹೋಗದ ಡಬ್ಬಿಗೆ ಹಾಕಿ ಭದ್ರ ಮಾಡಿದೆ. ಹತ್ತು ದಿನ ಬಿಟ್ಟು ತೆರೆದರೆ ಸುಣ್ಣದ ಹಾಗೆ ಬಿಳಿ ಪುಡಿ! ಪರಿಚಯದವರ ಮೂಲಕ ಎಕ್ಸ್‌ಆರ್‌ಡಿ ಮಾಡಿಸಿದೆ, ಪುಡಿಗೆ ಎಕ್ಸ್‌ರೇ ಹಾಯಿಸಿ ಮೂಡುವ ಗೆರೆಗಳಿಂದ ಖನಿಜ ಗುರುತಿಸುವ ಪರೀಕ್ಷೆ. ರೋಜೆನೈಟ್ ಅಂತ ಬಂತು, ಜೊತೆಗೆ ಯಾವುದಕ್ಕೂ ಹೊಂದದ ಎರಡು ಗೆರೆ. ಹೊಸ ಖನಿಜ ಇರಬಹುದಾ? ಇದ್ದರೆ ಯಾರಿಗೆ ಬರೆಯಬೇಕು?

ರಾಯದುರ್ಗ_ಬಿಸಿಲು:
ಡಬ್ಬಿಯೊಳಗೆ ಇನ್ನೇನು ಹಾಕಿದ್ರಿ ಅಣ್ಣಾ? ಅದನ್ನ ಹೇಳ್ಲಿಲ್ಲ.

ಬದಿಯಡ್ಕ_ಕಲ್ಲುಪೆಟ್ಟಿಗೆ:
ಸಿಲಿಕಾ ಜೆಲ್ ಪೊಟ್ಟಣ ನಾಲ್ಕು. ಕೆಮರಾ ಬ್ಯಾಗಿಂದು. ಪಸೆ ಆಗಬಾರದು ಅಂತ.

ರಾಯದುರ್ಗ_ಬಿಸಿಲು:
ಅಲ್ಲೇ ಕೆಟ್ಟದ್ದು ನೋಡ್ರಿ. ನಿಮ್ಮ ಹರಳು ಮೆಲಾಂಟೆರೈಟ್ ಇರಬೇಕು, ಅಂದ್ರೆ ನಮ್ಮ ಅಜ್ಜಿಯರು ಅನ್ನಭೇದಿ ಅಂತಿದ್ದದ್ದೇ. ಕಬ್ಬಿಣದ ಸಲ್ಫೇಟು, ಒಂದೊಂದಕ್ಕೆ ಏಳೇಳು ನೀರಿನ ಅಣು. ಸುತ್ತಲ ಗಾಳಿಯ ತೇವ 60-70%ಗಿಂತ ಕೆಳಗಿಳಿದರೆ (ಸೆಖೆ ಎಷ್ಟಿದೆ ಅನ್ನೋದರ ಮೇಲೆ) ಮೂರು ಅಣು ಬಿಟ್ಟುಕೊಟ್ಟು ರೋಜೆನೈಟ್ ಆಗ್ತದೆ. ನೀವು ನಾಲ್ಕು ಪೊಟ್ಟಣ ಇಟ್ಟು ನೀರು ಹೀರಿಸಿದ್ರಿ. ನಮ್ಮೂರಲ್ಲಿ ಪೊಟ್ಟಣಾನೂ ಬೇಕಾಗಿಲ್ಲ, ಮಾರ್ಚ್‌ನಲ್ಲಿ ಕಪಾಟಿನಲ್ಲಿಟ್ಟ ನನ್ನ ತುಂಡು ಎರಡೇ ದಿನಕ್ಕೆ ಬೂದಿ. ಅದೇ ಕಲ್ಲಿನ ಬೇರೆ ಚೂರು ಹೊರಗೆ ಉಳಿದಿದೆಯಾ?

ಬದಿಯಡ್ಕ_ಕಲ್ಲುಪೆಟ್ಟಿಗೆ:
ಉಂಟು ಮಾರಾಯ್ರೆ! ಕಿಟಕಿ ಹತ್ತಿರ ತಟ್ಟೆಯಲ್ಲಿ ಸುಮ್ಮನೆ ಬಿದ್ದಿತ್ತು. ಈಗ ನೋಡಿದೆ, ಹಸಿರು ಹಾಗೇ ಉಂಟು. ಅಡಿಯ ಕಾಗದದ ಚೀಟಿ ಮಾತ್ರ ಕಂದಾಗಿ ಮುಟ್ಟಿದರೆ ಹರಿಯುತ್ತದೆ.

ರಾಯದುರ್ಗ_ಬಿಸಿಲು:
ಚೀಟಿ ತಿಂದದ್ದು ಆಮ್ಲ, ಪ್ಲಾಸ್ಟಿಕ್ ಮೇಲಿಡಿ. ನೀರಲ್ಲಿ ತೊಳೀಬ್ಯಾಡ್ರಿ, ಕರಗಿ ಹೋಗ್ತದೆ.

ಬದಿಯಡ್ಕ_ಕಲ್ಲುಪೆಟ್ಟಿಗೆ:
ಒಂದು ಚೂರು ಆಗಲೇ ತೊಳೆದಾಯ್ತು, ಇಲ್ಲದಾಯ್ತು. ನೀಲಿ ಛಾಯೆ ಇದ್ದದ್ದಕ್ಕೆ ಮೈಲುತುತ್ತು (ತಾಮ್ರದ ಸಲ್ಫೇಟು) ಅಂತ ಗ್ರಹಿಸಿದ್ದೆ.

ಹೊಸೂರು_ಪುಡಿಗೆರೆ:
ಸರ್, ನಾನು ಎಕ್ಸ್‌ಆರ್‌ಡಿ ಯಂತ್ರದ ಮುಂದೆ ಕೂರುವವನು. ನಿಮ್ಮಲ್ಲಿ ಅಡಿಕೆಗೆ ಮೈಲುತುತ್ತು-ಸುಣ್ಣದ ಬೋರ್ಡೋ ಮದ್ದು ಮಾಡುವಾಗ ಉಜ್ಜಿದ ಕತ್ತಿ ಅದ್ದಿ ನೋಡುತ್ತೀರಲ್ಲ, ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ? ಅದೇ ಪರೀಕ್ಷೆ. ಸಾಸಿವೆಯಷ್ಟು ಚೂರನ್ನು ನಾಲ್ಕು ಹನಿ ನೀರಿನಲ್ಲಿ ಕರಗಿಸಿ, ಉಜ್ಜಿದ ಮೊಳೆ ಅದ್ದಿ. ಕೆಂಪಗಾದರೆ ತಾಮ್ರ ಇದೆ. ಇನ್ನೊಂದು ಹನಿಯನ್ನು ಹಾಲು ಹಾಕದ ಚಾಕ್ಕೆ ಬಿಡಿ, ಶಾಯಿಯಂತೆ ಕಪ್ಪಾದರೆ ಕಬ್ಬಿಣ. ಆ ಲೋಟದಲ್ಲಿ ಮತ್ತೆ ಯಾರೂ ಕುಡಿಯಬಾರದು.

ಬದಿಯಡ್ಕ_ಕಲ್ಲುಪೆಟ್ಟಿಗೆ:
ಮೊಳೆಗೆ ತೆಳು ಕೆಂಪು ಹಿಡಿಯಿತು. ಚಾ ಮಸಿ ಆಯ್ತು. ಅಂದರೆ ಎರಡೂ ಉಂಟು.

ಹೊಸೂರು_ಪುಡಿಗೆರೆ:
ಹಾಗಾದರೆ ಒಳಗೆ ತಾಮ್ರ ಸೇರಿದ ಮೆಲಾಂಟೆರೈಟ್ ಇರಬಹುದು, ಹಳಬರು ಪಿಸಾನೈಟ್ ಅನ್ನುತ್ತಿದ್ದರು. ಆ ಎರಡು ಗೆರೆಯ ಗುಟ್ಟೂ ಇಲ್ಲೇ ಇರಬಹುದು. ತಾಮ್ರ ಇರುವ ಮೆಲಾಂಟೆರೈಟ್ ಒಣಗಿದಾಗ ಐದು ನೀರಿನ ಸಿಡೆರೋಟಿಲ್ ಕೂಡ ಬರುತ್ತದೆ. ಅದರ ಕಾರ್ಡನ್ನು (ಆ ಖನಿಜದ ಗೆರೆಗಳ ಪಟ್ಟಿ) ಹೋಲಿಸಿ ನೋಡಿದ್ದಾರಾ ಕೇಳಿ. ಜೊತೆಗೆ ನಮ್ಮಂಥ ಲ್ಯಾಬಿನ ಪಾಪವೂ ಇರುತ್ತದೆ: ಎಸಿ ಕೋಣೆಯ ಒಣ ಗಾಳಿ, ಖಲಬತ್ತಿನಲ್ಲಿ ಅರೆಯುವ ಬಿಸಿ. ನೀವು ಕಳಿಸಿದ್ದು ಒಂದು, ಯಂತ್ರ ನೋಡಿದ್ದು ಇನ್ನೊಂದು.

ಹೊಸ ಖನಿಜದ ಮಾತು: ಹೆಸರಿಲ್ಲದ ಗೆರೆ ಸಿಕ್ಕರೆ ಸಾಲದು. ಅಂತಾರಾಷ್ಟ್ರೀಯ ಖನಿಜಶಾಸ್ತ್ರ ಸಂಘದ ಆಯೋಗಕ್ಕೆ ರಾಸಾಯನಿಕ ಸಂಯೋಜನೆ, ಸ್ಫಟಿಕ ರಚನೆ, ಬೆಳಕಿನ ಗುಣಗಳು ಎಲ್ಲ ಸೇರಿಸಿ ಪ್ರಸ್ತಾವ ಕೊಡಬೇಕು, ಮಾದರಿ ತುಂಡನ್ನು ಮ್ಯೂಸಿಯಂನಲ್ಲಿ ಇಡಬೇಕು. ಹಳೆಯ ಗಣಿಯ ಸಲ್ಫೇಟ್ ಅಂದಮಾತ್ರಕ್ಕೆ ತಳ್ಳಿಹಾಕುವುದಿಲ್ಲ. ಅಮೆರಿಕದ ಯೂಟಾದ ಬ್ಲೂ ಲಿಜರ್ಡ್ ಯುರೇನಿಯಂ ಗಣಿಯಲ್ಲಿ, ಸುರಂಗ ತೋಡಿದ ಮೇಲೆ ಗೋಡೆಗೆ ಉಪ್ಪು ಒಡೆದಂತೆ ಬೆಳೆದ ಸಲ್ಫೇಟುಗಳನ್ನು 2013ರಿಂದ ಒಂದರ ಹಿಂದೊಂದು ಒಪ್ಪಿದ್ದಾರೆ. ಬ್ಲೂಲಿಜರ್ಡೈಟ್, ಬೆಲಕೋವ್‌ಸ್ಕೈಟ್, ಮೈಸರೈಟ್ ಎಲ್ಲ ಅಲ್ಲಿನವೇ.

ಇಂಥ ಖನಿಜ ಪರೀಕ್ಷಿಸುವ ಸಂಶೋಧಕರಿಗೂ ಕಾಟ ಕೊಡುವುದು ನೀರೇ. ಸಂಯೋಜನೆ ಅಳೆಯುವ ಎಲೆಕ್ಟ್ರಾನ್ ಕಿರಣ ಬಿದ್ದರೆ, ನಿರ್ವಾತದಲ್ಲಿಟ್ಟರೆ ನೀರು ಹಾರಿಹೋಗುತ್ತದೆ. ಅದಕ್ಕೇ ಒಂದೇ ಹರಳಿನ ಎಕ್ಸ್‌ರೇಯಿಂದ ರಚನೆ ಬಿಡಿಸಿ, ಎಷ್ಟು ನೀರಿನ ಅಣು ಅಂತ ಅದರಿಂದ ಲೆಕ್ಕ ಹಾಕುತ್ತಾರೆ. ನಿಮ್ಮ ಬಿಳಿ ಪುಡಿಯಲ್ಲಿ ಆ ಕೆಲಸಕ್ಕೆ ಒಂದು ಹರಳೂ ಉಳಿದಿಲ್ಲ.

ಬದಿಯಡ್ಕ_ಕಲ್ಲುಪೆಟ್ಟಿಗೆ:
ಪುಡಿಗೆ ಮತ್ತೆ ತೇವ ಕೊಟ್ಟರೆ?

ಹೊಸೂರು_ಪುಡಿಗೆರೆ:
ನೀರು ಹಿಂದೆ ಬಂದೀತು, ಹರಳಿನ ಆಕಾರ ಬರಲ್ಲ. ಉಳಿದ ಚೂರನ್ನು ಕಾಪಾಡಿ.

ರಾಯದುರ್ಗ_ಬಿಸಿಲು:
ನಾನು ಈಗ ಮಾಡೋದು ಇದು. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಣ್ಣ ಬಟ್ಟಲಲ್ಲಿ ಅಡುಗೆಯ ಪುಡಿ ಉಪ್ಪು, ಕೆಸರಿನಂಗೆ ಆಗೋಷ್ಟೇ ನೀರು. ಉಪ್ಪು ಪೂರ್ತಿ ಕರಗಬಾರದು. ಆ ಗಾಳಿಯ ತೇವ 75% ಹತ್ರ ನಿಲ್ತದೆ, ಹೊರಗೆ ಮಳೆ ಇರಲಿ ಬಿಸಿಲಿರಲಿ. ಕಲ್ಲುಪ್ಪು ಬ್ಯಾಡ, ಅದರಲ್ಲಿನ ಮೆಗ್ನೀಸಿಯಂ ಲೆಕ್ಕ ಕೆಡಿಸ್ತದೆ. ಹರಳಿಗೆ ಉಪ್ಪುನೀರು ತಾಗದಂಗೆ ಎತ್ತರಕ್ಕಿಡ್ರಿ.

ಬದಿಯಡ್ಕ_ಕಲ್ಲುಪೆಟ್ಟಿಗೆ (ಮೂರು ವಾರದ ಮೇಲೆ):
ಕಿಟಕಿಯ ಚೂರನ್ನು ಉಪ್ಪಿನ ಡಬ್ಬಿಯಲ್ಲೇ ಲ್ಯಾಬಿಗೆ ಹೊತ್ತುಕೊಂಡು ಹೋದೆ. ಎದುರಿಗೇ ಮೆಲ್ಲಗೆ ಪುಡಿ ಮಾಡಿಸಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದೆಸಿ ಬೇಗ ಓಡಿಸಿದರು. ಎಲ್ಲಕ್ಕಿಂತ ಜೋರು ಗೆರೆ 4.90 ಆಂಗ್‌ಸ್ಟ್ರಾಂ (ಹರಳಿನೊಳಗಿನ ಅಣುಪದರಗಳ ಅಂತರ), ಮೆಲಾಂಟೆರೈಟಿಂದೇ. ಹಳೆಯ ಪುಡಿಯಲ್ಲಿದ್ದ ರೋಜೆನೈಟಿನ 4.46 ಇದರಲ್ಲಿ ಇಲ್ಲ. ಹಳೆಯ ಪುಡಿಯ ಆ ಎರಡು ಗೆರೆಯೂ ಸಿಡೆರೋಟಿಲ್‌ಗೆ ಸರಿಯಾಗಿ ಕೂತವು.

ಭಾವನಿಗೆ ಹೇಳಿದೆ, ಖನಿಜಕ್ಕೆ ನಿಮ್ಮ ಹೆಸರು ಇಡುವ ಯೋಗ ಇಲ್ಲ ಅಂತ. ಅದೇ ಕಲ್ಲಿನ ಹಿಂಬದಿಯಲ್ಲಿ ಅರಸಿನ ಬಣ್ಣದ ಒಂದು ಪದರ ಉಂಟು, ಅದನ್ನು ಇನ್ನೂ ಮುಟ್ಟಿಲ್ಲ. ಫೋಟೊ ತೆಗೆದು ಬೇರೆ ಕೇಳುತ್ತೇನೆ.