ಆಟದ ಪುಸ್ತಕಕ್ಕೆ 599 ಸಾಕಾ?

ಹಾಸನ_ಹುಡುಗ: 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರ್‌ನ ದಂಡು ದೋರಸಮುದ್ರಕ್ಕೆ (ಈಗಿನ ಹಳೇಬೀಡು) ಬಂದ ಹೊತ್ತಿನ ಮೇಲೆ ರೋಲ್‌ಪ್ಲೇ ಗೇಮ್ (ಆಟಗಾರರೇ ಪಾತ್ರಗಳಾಗಿ ಕಥೆ ಕಟ್ಟುವ ಆಟ) ಬರೆದಿದ್ದೇನೆ, ಕ್ರೌಡ್‌ಫಂಡಿಂಗ್‌ಗೆ (ಜನರಿಂದ ಮುಂಗಡ ಹಣ ಕೂಡಿಸೋದು) ಹಾಕಬೇಕು. 160 ಪುಟ. 300 ಪ್ರತಿಗಾದರೆ ಒಂದಕ್ಕೆ 340 ರೂಪಾಯಿ ಅಂತ ಪ್ರೆಸ್‌ನವರು ಹೇಳಿದ್ದಾರೆ. ಚಿತ್ರ ಬರೆದ ಹುಡುಗಿಗೆ 45 ಸಾವಿರ. ಅದರಲ್ಲಿ ಚೌಕಾಸಿ ಮಾಡಲ್ಲ. ನಮ್ಮೂರ ಕಾಲೇಜು ಹುಡುಗರೂ ಕೊಳ್ಳುವಂತಿರಬೇಕು.

ಬೇಲೂರು_ರಸ್ತೆ: 599ಕ್ಕೆ ಕೈಯಿಂದ ಹೋಗುತ್ತೆ ಸಾರ್. ಮುದ್ರಣ 340, ಚಿತ್ರಕ್ಕೆ 150, ಪ್ಯಾಕಿಂಗ್-ಕೊರಿಯರ್ 90 ಹಿಡಿದರೂ 580 ಆಯ್ತು. ಕಿಕ್‌ಸ್ಟಾರ್ಟರ್‌ನಂಥ ಕ್ರೌಡ್‌ಫಂಡಿಂಗ್ ಸೈಟಿನವರು 5% ಮುರಿದುಕೊಳ್ಳುತ್ತಾರೆ, ಪೇಮೆಂಟ್ ಶುಲ್ಕ ಬೇರೆ. ಅದೂ ಮುನ್ನೂರೂ ಖರ್ಚಾದರೆ! 150 ಹೋದರೆ ಚಿತ್ರದ ಪಾಲೇ 300. ನನ್ನ ಪ್ರಕಾರ 899, ಕೊರಿಯರ್ ಪ್ರತ್ಯೇಕ.

ಕಾಫಿ_ತೋಟ: ಹುಡುಗರಿಗೆ ಪಿಡಿಎಫ್ 249ಕ್ಕೆ ಕೊಡಿ. ಪುಸ್ತಕದ ಜೊತೆ ಆಟದ ದಾಳ ಸೇರಿಸಬೇಡಿ, ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ದಾಳಕ್ಕೆ ಇದೆ.

ಹಾಸನ_ಹುಡುಗ: 899, ಪಿಡಿಎಫ್ 249. ಇವತ್ತೇ ಕ್ರೌಡ್‌ಫಂಡಿಂಗ್ ಪುಟ ತಿದ್ದುತ್ತೇನೆ.